ಬಾಗಿಲು ತೆರೆಯಲಿಲ್ಲ: ನ್ಯಾಯಮೂರ್ತಿ ರೋಸ್ ಬರ್ಡ್ ಬದುಕಿನ ಬಗ್ಗೆ

ಮೊದಲು ಒಂದು ಟೆಲಿಫೋನ್ ಬೂತಿನ ಕಥೆ ಹೇಳ್ತೀನಿ. ಹಿರಿಯರಿಗೆ ಬೂತು ಅಂದರೆ ಏನು ಅಂತ ಹೇಳಬೇಕಿಲ್ಲ. ಹಳದಿ ಬೋರ್ಡು, ಗಾಜಿನ ಗೂಡು, ಒಳಗೆ ಸೆಕೆ, ಹೊರಗೆ ಕಾಯುತ್ತಿರುವ ಜನ. ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳು ಸ್ವಲ್ಪ ಊಹಿಸಿಕೊಳ್ಳಬೇಕು. ಒಬ್ಬರು ನಿಲ್ಲುವಷ್ಟು ಜಾಗ, ಮಡಚಿ ತೆರೆಯುವ ಒಂದು ಬಾಗಿಲು. ಆ ಬಾಗಿಲನ್ನು ನೆನಪಿಟ್ಟುಕೊಳ್ಳಿ.

1974ರ ನವೆಂಬರ್ 2. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ. ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್ ಎಂಬ ಊರು. ಮಧ್ಯರಾತ್ರಿ ದಾಟಿದೆ. ಚಾರ್ಲ್ಸ್ ಬಿಗ್ಬಿ ಅನ್ನುವವರು ರಸ್ತೆ ಬದಿಯ ಬೂತಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾರೆ. ದೂರದಿಂದ ಒಂದು ಕಾರು ನೇರ ತಮ್ಮ ಕಡೆಗೇ ಬರುವುದು ಕಾಣುತ್ತದೆ. ಓಡಿಸುತ್ತಿದ್ದವರು ಕುಡಿದಿದ್ದರು ಅಂತ ಆಮೇಲೆ ಆರೋಪ ಬಂತು. ಬಿಗ್ಬಿ ಫೋನು ಬಿಟ್ಟು ಬಾಗಿಲು ತಳ್ಳುತ್ತಾರೆ. ಬಾಗಿಲು ತೆರೆಯುವುದಿಲ್ಲ, ಸಿಕ್ಕಿಕೊಂಡಿದೆ. ಕಾರು ಬಂದು ಬೂತಿಗೆ ಗುದ್ದುತ್ತದೆ. ಅವರು ಒಂದು ಕಾಲು ಕಳೆದುಕೊಂಡರು.

ಬಿಗ್ಬಿ ಆ ಕಾರಿನವರ ಮೇಲಷ್ಟೇ ಅಲ್ಲ, ಟೆಲಿಫೋನ್ ಕಂಪನಿ ಮೇಲೂ, ಬೂತು ಮಾಡಿದವರು ಕೂರಿಸಿದವರ ಮೇಲೂ ದಾವೆ ಹಾಕಿದರು. ಕೆಳಗಿನ ಕೋರ್ಟು ಕಂಪನಿಗಳ ಮೇಲಿನ ದಾವೆಯನ್ನು ವಿಚಾರಣೆಗೂ ತೆಗೆದುಕೊಳ್ಳದೆ ವಜಾ ಮಾಡಿತು. ಯಾರೋ ಅಡ್ಡಾದಿಡ್ಡಿ ಕಾರು ಓಡಿಸಿದರೆ ಫೋನ್ ಕಂಪನಿ ಏನು ಮಾಡುತ್ತೆ? ನೀವಾಗಿದ್ದರೂ ಹಾಗೇ ಅನ್ನುತ್ತಿದ್ದಿರಿ, ಅಲ್ವಾ? ಅಪೀಲಿನಲ್ಲೂ ಸೋಲು. ಕೊನೆಗೆ ಫೈಲು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿಗೆ ಬಂತು. 1983ರಲ್ಲಿ ತೀರ್ಪಾಯಿತು. ಬರೆದವರು ಮುಖ್ಯ ನ್ಯಾಯಮೂರ್ತಿ ರೋಸ್ ಎಲಿಜಬೆತ್ ಬರ್ಡ್.

ಅವರು ಫೈಲು ಬಿಡಿಸಿ ನೋಡಿದ್ದು ಏನನ್ನು? ಬೂತು ನಿಂತಿದ್ದು ಗಾಡಿಗಳು ಜೋರಾಗಿ ಓಡುವ ದೊಡ್ಡ ರಸ್ತೆಯ ಅಂಚಿನಲ್ಲಿ, ಕಾರುಗಳು ಒಳಗೆ ತಿರುಗುವ ದಾರಿಯ ಪಕ್ಕದಲ್ಲಿ. ಹೆಚ್ಚುಕಮ್ಮಿ 20 ತಿಂಗಳ ಹಿಂದೆ ಅದೇ ಜಾಗದಲ್ಲಿದ್ದ ಬೂತಿಗೆ ಇನ್ನೊಂದು ಕಾರು ಗುದ್ದಿತ್ತು. ಬಾಗಿಲು ಸರಿಯಾಗಿ ತೆರೆಯುತ್ತಿರಲಿಲ್ಲ ಎಂಬ ದೂರು ದಾವೆಯಲ್ಲೇ ಇತ್ತು. ಇಷ್ಟೆಲ್ಲ ಇದ್ದ ಮೇಲೆ, ಹೀಗೊಂದು ಅಪಾಯ ಆಗಬಹುದು ಅಂತ ಕಂಪನಿ ಮೊದಲೇ ಯೋಚಿಸಬೇಕಿತ್ತೋ ಇಲ್ಲವೋ, ಅದನ್ನು ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಮಾನಿಸಲು ಕೂರಿಸುವ ಸಾಮಾನ್ಯ ಜನ, ಹೇಳಲಿ, ವಿಚಾರಣೆ ನಡೆಯಲಿ ಅಂದರು. ಕಂಪನಿಯದೇ ತಪ್ಪು ಅಂತ ಅವರು ಬರೆಯಲಿಲ್ಲ. ಈ ಮನುಷ್ಯನ ಮಾತು ಕೇಳದೆ ಬಾಗಿಲು ಹಾಕಬೇಡಿ ಅಂತ ಬರೆದರು, ಅಷ್ಟೇ.

ಮೂರು ವರ್ಷ ಆದ ಮೇಲೆ, 1986ರಲ್ಲಿ, ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಒಂದು ಭಾಷಣ ಮಾಡಿದರು. ಕೋರ್ಟುಗಳು ಪರಿಹಾರದ ಹೆಸರಿನಲ್ಲಿ ಹದ್ದು ಮೀರುತ್ತಿವೆ ಅನ್ನುವುದಕ್ಕೆ ಇದೇ ಕಥೆ ಹೇಳಿದರು. ಕಾರು ಬೂತಿಗೆ ಗುದ್ದಿತು, ಆದರೆ ದಾವೆ ಬಿದ್ದಿದ್ದು ಯಾರ ಮೇಲೆ ಗೊತ್ತಾ, ಫೋನ್ ಕಂಪನಿ ಮೇಲೆ! ಸಿಕ್ಕಿಕೊಂಡ ಬಾಗಿಲಿನ ಮಾತು ಆ ಭಾಷಣದಲ್ಲಿ ಇರಲಿಲ್ಲ. ಆಮೇಲೆ ಬಿಗ್ಬಿ ತಾವೇ ವಾಷಿಂಗ್ಟನ್ನಿಗೆ ಹೋಗಿ, ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ಕೂತು, ನಡೆದಿದ್ದು ಹೀಗೆ ಅಂತ ಹೇಳಬೇಕಾಯಿತು.

ನಾನು ಇಡೀ ಆಯುಷ್ಯ ಜಿಲ್ಲಾ ಕೋರ್ಟುಗಳಲ್ಲಿ ವಕೀಲಿ ಮಾಡಿದವನು. ಪೇಪರಿನಲ್ಲಿ ಬರುವ ಕೇಸಿಗೂ ಫೈಲಿನಲ್ಲಿ ಇರುವ ಕೇಸಿಗೂ ಎಷ್ಟು ಅಂತರ ಅಂತ ದಿನಾ ನೋಡಿದ್ದೇನೆ. ರೋಸ್ ಬರ್ಡ್ ನನಗೆ ಹಿಡಿಸಿದ್ದು ಅದಕ್ಕೇ. ಅವರು ಫೈಲಿನಲ್ಲಿದ್ದ ಬಾಗಿಲನ್ನು ನೋಡಿದರು. ಅದಕ್ಕೆ ತೆತ್ತ ಬೆಲೆ ದೊಡ್ಡದು. 1986ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ ಅವರನ್ನು ಕುರ್ಚಿಯಿಂದ ಇಳಿಸಿದರು.

ಮತ ಹಾಕಿ ನ್ಯಾಯಮೂರ್ತಿಯನ್ನು ಇಳಿಸುವುದು ಅಂದರೇನು? ಅದನ್ನು ಸ್ವಲ್ಪ ಹೇಳಲೇಬೇಕು. ನಮ್ಮಲ್ಲಿ ಸುಪ್ರೀಂ ಕೋರ್ಟ್ ಒಂದೇ, ದೆಹಲಿಯಲ್ಲಿ. ಅಮೆರಿಕದಲ್ಲಿ ಹಾಗಲ್ಲ. 50 ರಾಜ್ಯಗಳಿಗೂ ಅವುಗಳದ್ದೇ ಸಂವಿಧಾನ ಇದೆ, ಅವುಗಳದ್ದೇ ಕೊನೆಯ ಕೋರ್ಟು ಇದೆ. ರಾಜ್ಯದ ಕಾನೂನಿನ ವಿಷಯದಲ್ಲಿ ಆ ಕೋರ್ಟು ಹೇಳಿದ್ದೇ ಕೊನೆ. ಸುಮ್ನೆ ಒಂದು ತಮಾಷೆಯ ವಿಷಯ: ನ್ಯೂಯಾರ್ಕ್ ರಾಜ್ಯದಲ್ಲಿ ಸುಪ್ರೀಂ ಕೋರ್ಟ್ ಅಂದರೆ ಮೊದಲ ವಿಚಾರಣೆ ನಡೆಯುವ ಕೋರ್ಟು! ಅಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಕೋರ್ಟ್ ಆಫ್ ಅಪೀಲ್ಸ್ ಅಂತ ಹೆಸರು. ನಮ್ಮ ಕಿರಿಯ ವಕೀಲರು ಅಲ್ಲಿನ ತೀರ್ಪು ಓದುವಾಗ ಇದರಲ್ಲೇ ಎಡವುತ್ತಾರೆ.

ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನಲ್ಲಿ ಏಳು ಜನ. ಗವರ್ನರ್ ಹೆಸರು ಸೂಚಿಸುತ್ತಾರೆ. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನ ಆರಿಸಿದವರು. ಮೂರು ಜನರ ಆಯೋಗ ಅದಕ್ಕೆ ಒಪ್ಪಿಗೆ ಕೊಡಬೇಕು. ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಗವರ್ನರ್ ಚುನಾವಣೆ ಬಂದಾಗ ಮತಪತ್ರದಲ್ಲಿ ಆ ನ್ಯಾಯಮೂರ್ತಿಯ ಹೆಸರೂ ಇರುತ್ತದೆ. ಎದುರಾಳಿ ಇಲ್ಲ. ಇವರು ಮುಂದುವರಿಯಲೇ? ಹೌದು ಅಥವಾ ಇಲ್ಲ. ಇಷ್ಟೇ ಪ್ರಶ್ನೆ. ಪೂರ್ತಿ ಅವಧಿ 12 ವರ್ಷ. 1934ರಲ್ಲಿ ಬಂದ ಪದ್ಧತಿ ಇದು. ಅರ್ಧ ಶತಮಾನ ಜನ ಸುಮ್ಮನೆ ಹೌದು ಅನ್ನುತ್ತಾ ಬಂದರು. ಸುಪ್ರೀಂ ಕೋರ್ಟಿನ ಒಬ್ಬರೂ ಸೋತಿರಲಿಲ್ಲ, 1986ರವರೆಗೆ.

ಈಗ ಅವರ ಬದುಕಿಗೆ ಬರೋಣ. ಹುಟ್ಟಿದ್ದು 1936ರಲ್ಲಿ, ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ. ತಾರೀಕು ನವೆಂಬರ್ 2. ಬಿಗ್ಬಿ ಬೂತಿನಲ್ಲಿ ಸಿಕ್ಕಿಬಿದ್ದ ದಿನ ಅವರಿಗೆ 38 ತುಂಬಿದ ದಿನ ಅಂತ ಲೆಕ್ಕ ಹಾಕಿ ನನಗೇ ಒಂಥರಾ ಆಯಿತು. ಅಪ್ಪ ಊರೂರು ತಿರುಗಿ ಟೋಪಿ ಮಾರುವವರು. ಇವರು ಚಿಕ್ಕವರಿದ್ದಾಗಲೇ ತೀರಿಹೋದರು. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ನ್ಯೂಯಾರ್ಕ್ ಕಡೆಗೆ ಬಂದರು. ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಕೂಲಿ ಮಾಡಿ ಸಾಕಿದರು. ರೋಸ್ ವಿದ್ಯಾರ್ಥಿವೇತನದಲ್ಲಿ ಓದಿದರು. 1965ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು.

ಆಮೇಲೆ ಹೋದ ಕಡೆಯೆಲ್ಲ ಮೊದಲ ಹೆಣ್ಣು. ನೆವಾಡ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಲಾ ಕ್ಲರ್ಕ್, ಅಂದರೆ ನ್ಯಾಯಮೂರ್ತಿಗಳಿಗೆ ಕಾನೂನು ಕೆಲಸದಲ್ಲಿ ನೆರವಾಗುವ ಸಹಾಯಕಿ, ಆದ ಮೊದಲ ಹೆಣ್ಣು. ಸಾಂಟಾ ಕ್ಲಾರಾ ಜಿಲ್ಲೆಯಲ್ಲಿ ಪಬ್ಲಿಕ್ ಡಿಫೆಂಡರ್ ಕಚೇರಿಗೆ ವಕೀಲೆಯಾಗಿ ಸೇರಿದ ಮೊದಲ ಹೆಣ್ಣು. ಪಬ್ಲಿಕ್ ಡಿಫೆಂಡರ್ ಅಂದರೆ, ವಕೀಲರಿಗೆ ದುಡ್ಡು ಕೊಡಲಾಗದ ಆರೋಪಿಗಳ ಪರ ಸರ್ಕಾರದ ಸಂಬಳದಲ್ಲಿ ವಾದಿಸುವವರು. 1966ರಿಂದ 1974ರವರೆಗೆ ಅಲ್ಲೇ ಇದ್ದರು. ಆ ಎಂಟು ವರ್ಷವನ್ನು ನಾನು ಬಹಳ ಮುಖ್ಯ ಅಂತ ಎಣಿಸುತ್ತೇನೆ. ಕಟಕಟೆಯಲ್ಲಿ ನಿಂತವನ ಪಕ್ಕದಲ್ಲಿ ನಿಂತು ನೋಡಿದರೆ ಕೋರ್ಟು ಬೇರೆ ಥರವೇ ಕಾಣುತ್ತದೆ. ಪಾಟೀ ಸವಾಲಿನಲ್ಲಿ ಒಂದು ಪ್ರಶ್ನೆ ಬಿಟ್ಟುಹೋದರೆ ಒಬ್ಬನ ಹತ್ತು ವರ್ಷ ಹೋಗುತ್ತದೆ. ಅದನ್ನು ಕಂಡವರು ಮರೆಯುವುದಿಲ್ಲ.

1974ರಲ್ಲಿ ಜೆರ್ರಿ ಬ್ರೌನ್ ಎಂಬ ಯುವಕ ಗವರ್ನರ್ ಚುನಾವಣೆಗೆ ನಿಂತರು. ಬರ್ಕ್ಲಿ ದಿನಗಳಿಂದ ರೋಸ್‌ಗೆ ಪರಿಚಯ. ಪ್ರಚಾರದಲ್ಲಿ ಕೆಲಸ ಮಾಡಿದರು. ಬ್ರೌನ್ ಗೆದ್ದರು. 1975ರಲ್ಲಿ ರೋಸ್ ಬರ್ಡ್ ಕೃಷಿ ಮತ್ತು ಸೇವೆಗಳ ಇಲಾಖೆಯ ಮುಖ್ಯಸ್ಥೆ ಆದರು. ನಮ್ಮ ಭಾಷೆಯಲ್ಲಿ ಮಂತ್ರಿ ಅನ್ನಿ. ಆ ರಾಜ್ಯದ ಸಂಪುಟದಲ್ಲಿ ಕೂತ ಮೊದಲ ಹೆಣ್ಣು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಒಂದು ಗುದ್ದಲಿ ಇತ್ತು. ಕಾವು ಮೊಳದುದ್ದವೂ ಇರುತ್ತಿರಲಿಲ್ಲ ಅನ್ನುವಷ್ಟು ಗಿಡ್ಡ. ಲೆಟ್ಯೂಸ್, ಬೀಟ್ ಸಾಲುಗಳಲ್ಲಿ ಕಳೆ ತೆಗೆಯಲು, ಸಸಿ ವಿರಳ ಮಾಡಲು ಅದನ್ನೇ ಕೊಡುತ್ತಿದ್ದರು. ಕೆಲಸ ಮಾಡುವವರು ಹೆಚ್ಚಾಗಿ ಮೆಕ್ಸಿಕೋ ಮೂಲದವರು. ಅದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಎಲ್ ಕೊರ್ತಿತೊ’ ಅಂತಿದ್ದರು, ಗಿಡ್ಡನೆಯದು ಅಂತ ಅರ್ಥ. ಇಡೀ ದಿನ ಸೊಂಟ ಬಗ್ಗಿಸಿಯೇ ಇರಬೇಕು. ಯಾಕೆ ಗಿಡ್ಡ ಕಾವು? ಬೆಳೆ ಹಾಳಾಗುವುದಿಲ್ಲ ಅಂತ ಮಾಲೀಕರು ಹೇಳುತ್ತಿದ್ದರು. ಇನ್ನೊಂದು ಕಾರಣವೂ ಇತ್ತು. ಬಗ್ಗಿದವರ ನಡುವೆ ಯಾರಾದರೂ ನೆಟ್ಟಗೆ ನಿಂತರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ, ಇವನು ಕೆಲಸ ಮಾಡುತ್ತಿಲ್ಲ ಅಂತ.

ನಾನು ಇದನ್ನು ಓದಿದ ದಿನ ಅದರ ಫೋಟೋ ನಮ್ಮಮ್ಮನಿಗೆ ತೋರಿಸಿದ್ದೆ. ರಾಗಿ ಹೊಲದಲ್ಲಿ ಮೂವತ್ತು ವರ್ಷ ಕಳೆ ತೆಗೆದ ಜೀವ. ಫೋಟೋ ಹತ್ತಿರ ಹಿಡಿದುಕೊಂಡು, ‘ಸಾಲು ಎಷ್ಟುದ್ದ ಇರ್ತಿತ್ತಂತೆ?’ ಅಂತ ಕೇಳಿದಳು. ಕಣ್ಣಿಗೆ ಕಾಣುವಷ್ಟು ದೂರ ಅಂದೆ. ಕೈ ತಾನಾಗೇ ಸೊಂಟಕ್ಕೆ ಹೋಯಿತು. ‘ಬದು ಬಂದಾಗ ನಾವು ನೆಟ್ಟಗಾಗ್ತಿದ್ವಿ. ಬದುನೇ ಇಲ್ದಿದ್ರೆ?’ ಅಂದಳು. ಅಮೆರಿಕದ ದೊಡ್ಡ ಹೊಲಗಳನ್ನು ನೋಡದೆಯೇ ಅವಳಿಗೆ ವಿಷಯ ಗೊತ್ತಾಗಿಬಿಟ್ಟಿತ್ತು.

1975ರ ಜನವರಿಯಲ್ಲಿ, ಕಾರ್ಮೋನ ಎಂಬ ಕಾರ್ಮಿಕನ ಹೆಸರಿನ ಕೇಸಿನಲ್ಲಿ, ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಅಧಿಕಾರಿಗಳಿಗೆ ಮತ್ತೆ ಯೋಚಿಸಿ ಅಂದಿತು. ಅದಕ್ಕೆ ಮೊದಲು ಅಧಿಕಾರಿಗಳ ವಾದ ಹೀಗಿತ್ತು: ಗುದ್ದಲಿ ಮುರಿದಿಲ್ಲ, ಅದರಲ್ಲಿ ದೋಷ ಇಲ್ಲ, ಹಾಗಾಗಿ ಅದು ಅಪಾಯದ ಸಲಕರಣೆ ಅಲ್ಲ. ಕೋರ್ಟು ಕೇಳಿತು: ಗುದ್ದಲಿ ಮುರಿಯದಿದ್ದರೇನು, ಅದನ್ನು ಹಿಡಿದವನ ಬೆನ್ನು ಮುರಿಯುತ್ತಿದೆಯಲ್ಲ? ಮಾತು ನನ್ನದು, ಅರ್ಥ ಕೋರ್ಟಿನದು. ಅದೇ ವರ್ಷ ಬ್ರೌನ್ ಸರ್ಕಾರ ಆ ಗುದ್ದಲಿ ನಿಷೇಧಿಸಿತು. ಅದೇ ವರ್ಷ ಕೃಷಿ ಕಾರ್ಮಿಕರ ಸಂಬಂಧಗಳ ಕಾಯ್ದೆಯೂ ಬಂತು. ಹೊಲದ ಕೂಲಿಗಳಿಗೆ ಗುಟ್ಟಿನ ಮತದಾನದಲ್ಲಿ ತಮ್ಮ ಯೂನಿಯನ್ ಆರಿಸಿಕೊಳ್ಳುವ ಹಕ್ಕು ಕೊಟ್ಟ ಕಾಯ್ದೆ ಅದು. ಅದನ್ನು ರೂಪಿಸುವುದರಲ್ಲಿ ರೋಸ್ ಬರ್ಡ್ ಅವರದ್ದು ದೊಡ್ಡ ಕೈ. ಕ್ಯಾಲಿಫೋರ್ನಿಯಾದ ದೊಡ್ಡ ಜಮೀನುದಾರರು ಅಂದೇ ಅವರ ಹೆಸರು ಬರೆದಿಟ್ಟುಕೊಂಡರು. ಇದನ್ನೂ ನೆನಪಿಡಿ.

1977. ಮುಖ್ಯ ನ್ಯಾಯಮೂರ್ತಿ ಡೊನಾಲ್ಡ್ ರೈಟ್ ನಿವೃತ್ತರಾದರು. ಬ್ರೌನ್ ಆ ಜಾಗಕ್ಕೆ ರೋಸ್ ಬರ್ಡ್ ಹೆಸರು ಹೇಳಿದರು. ವಯಸ್ಸು 40. ಹಿಂದೆ ಒಂದು ದಿನವೂ ಜಡ್ಜ್ ಆಗಿದ್ದವರಲ್ಲ. 1850ರಿಂದ ನಡೆದುಬಂದ ಆ ಕೋರ್ಟಿನಲ್ಲಿ ಆವರೆಗೆ ಒಬ್ಬ ಹೆಣ್ಣೂ ಕೂತಿರಲಿಲ್ಲ. ಇವರು ಬಂದಿದ್ದೇ ನೇರ ಮುಖ್ಯ ನ್ಯಾಯಮೂರ್ತಿಯಾಗಿ. ಗದ್ದಲ ಆಗದೇ ಇರುತ್ತಾ? ಆಯೋಗದಲ್ಲಿ ಎರಡು ಮತ ಪರ, ಒಂದು ವಿರುದ್ಧ. ಕೂದಲೆಳೆಯಲ್ಲಿ ದಾಟಿದರು.

ಅನುಭವ ಇಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಮೆರಿಕದಲ್ಲಿ ಜಡ್ಜ್ ಆಗಿರದ ಗಂಡಸರು ನೇರವಾಗಿ ದೊಡ್ಡ ಕೋರ್ಟಿಗೆ ಹೋದ ಉದಾಹರಣೆ ಬೇಕಾದಷ್ಟಿವೆ. ಇಡೀ ದೇಶದ ಮುಖ್ಯ ನ್ಯಾಯಮೂರ್ತಿ ಆಗಿದ್ದ ಅರ್ಲ್ ವಾರೆನ್ ಅದಕ್ಕೆ ಮೊದಲು ಜಡ್ಜ್ ಆಗಿರಲಿಲ್ಲ, ಇದೇ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದರು. ರೋಸ್ ಬರ್ಡ್ ವಿಷಯದಲ್ಲಿ ಅವರ ಮನಸ್ಸಿನ ಸ್ಥಿಮಿತದ ಬಗ್ಗೆ, ಸಿಟ್ಟಿನ ಬಗ್ಗೆ ಜಾಸ್ತಿ ಮಾತು ಬಂತು. ಇಲ್ಲಿ ಕೂತಿರುವ ಹೆಣ್ಣುಮಕ್ಕಳಿಗೆ ಈ ರಾಗ ಹೊಸದಲ್ಲ.

ಒಳಗೂ ಸುಲಭ ಇರಲಿಲ್ಲ. ಮುಖ್ಯ ನ್ಯಾಯಮೂರ್ತಿಗೆ ಇದ್ದ ಕ್ಯಾಡಿಲಾಕ್ ಕಾರು ಬೇಡ ಅಂದರು. ಕೆಳಗಿನ ಕೋರ್ಟುಗಳ ನ್ಯಾಯಾಧೀಶರನ್ನು ಸರದಿಯಲ್ಲಿ ಕರೆಸಿ ಸುಪ್ರೀಂ ಕೋರ್ಟಿನ ಪೀಠದಲ್ಲಿ ಕೂರಿಸುವ ಪದ್ಧತಿ ತಂದರು. ಹಳಬರಿಗೆ ಇದೆಲ್ಲ ಹಿಡಿಸಲಿಲ್ಲ. ಅವರ ಸ್ವಭಾವವೂ ಬೆರೆಯುವಂಥದ್ದಲ್ಲ. ಪತ್ರಕರ್ತರನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಯಾರನ್ನೂ ಬೇಗ ನಂಬುತ್ತಿರಲಿಲ್ಲ. ಇದರ ಜೊತೆಗೆ 1976ರಲ್ಲೇ ಸ್ತನದ ಕ್ಯಾನ್ಸರ್ ಬಂದು ಆಪರೇಷನ್ ಆಗಿತ್ತು. ಆ ಕುರ್ಚಿಯಲ್ಲಿ ಕೂತಷ್ಟು ದಿನವೂ ಆ ಕಾಯಿಲೆಯ ಭಯ ಜೊತೆಗೇ ಇತ್ತು.

1978ರಲ್ಲಿ ಮೊದಲ ಬಾರಿ ಜನರ ಮುಂದೆ ಹೆಸರು ಬಂತು. ನೂರಕ್ಕೆ 52ರ ಆಸುಪಾಸು ಹೌದು. ಉಳಿದರು, ಅಷ್ಟೇ. ಅದೇ ವರ್ಷ ಆಸ್ತಿ ತೆರಿಗೆಗೆ ಮಿತಿ ಹಾಕುವ ‘ಪ್ರೊಪೊಸಿಷನ್ 13’ ಎಂಬ ತಿದ್ದುಪಡಿಯನ್ನು ಜನ ಭಾರೀ ಬಹುಮತದಲ್ಲಿ ಪಾಸು ಮಾಡಿದ್ದರು. ಅದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೆ ಒಂದೇ ಥರದ ಎರಡು ಮನೆ, ಅಕ್ಕಪಕ್ಕ. ಒಂದನ್ನು ಮೊದಲು ಕೊಂಡಿದ್ದಾರೆ, ಇನ್ನೊಂದನ್ನು ಈಗ ಕೊಂಡಿದ್ದಾರೆ. ತೆರಿಗೆ ಬೇರೆ ಬೇರೆ. ಇದು ಸಮಾನತೆ ಹೇಗಾಗುತ್ತದೆ ಅಂತ ಕೇಳಿ ಭಿನ್ನ ಅಭಿಪ್ರಾಯ ಬರೆದವರು ರೋಸ್ ಬರ್ಡ್ ಒಬ್ಬರೇ. ಜನರಿಗೆ ಪ್ರಿಯವಾದ ಕಾನೂನಿನ ವಿರುದ್ಧ ಒಂಟಿ ದನಿ. ಮತ ಕೇಳಬೇಕಾದ ವರ್ಷದಲ್ಲೇ ಹಾಗೆ ಬರೆದರು.

ಅಪರಾಧಿಗಳ ಪರ ಎಂಬ ಬಿರುದು ಅವರಿಗೆ ಅಂಟಿತು. ಅದಕ್ಕೆ ನಾನು ಒಂದು ತೀರ್ಪು ಮುಂದಿಡುತ್ತೇನೆ. 1986ರ ಬಾರ್ನ್ಸ್ ಪ್ರಕರಣ. ಅತ್ಯಾಚಾರದ ಕೇಸು. ಹೆಣ್ಣು ಪ್ರತಿರೋಧ ತೋರಿಸಿರಬೇಕು ಅನ್ನುವ ಹಳೆಯ ಷರತ್ತನ್ನು ಅಲ್ಲಿನ ಶಾಸನಸಭೆ 1980ರಲ್ಲಿ ತೆಗೆದುಹಾಕಿತ್ತು. ಆದರೂ ಅಪೀಲು ಕೋರ್ಟು ಹಳೆಯ ಕಣ್ಣಿನಿಂದಲೇ ನೋಡಿ, ಆಕೆ ಸಾಕಷ್ಟು ಪ್ರತಿರೋಧಿಸಿಲ್ಲ ಅಂತ ಶಿಕ್ಷೆ ರದ್ದು ಮಾಡಿತ್ತು. ರೋಸ್ ಬರ್ಡ್ ಆ ಶಿಕ್ಷೆಯನ್ನು ಮತ್ತೆ ಊರ್ಜಿತ ಮಾಡಿದರು. ಭಯದಿಂದ ಒಬ್ಬಳು ಕಲ್ಲಿನಂತೆ ನಿಂತುಬಿಟ್ಟರೆ ಅದು ಒಪ್ಪಿಗೆ ಅಲ್ಲ ಅನ್ನುವುದು ಆ ತೀರ್ಪಿನ ಜೀವ.

ನಮ್ಮ ಮಥುರಾ ಪ್ರಕರಣ ನಿಮಗೆ ನೆನಪಾಗಿರಬೇಕು. ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿ ಮೇಲೆ ನಡೆದಿದ್ದು. ಮೈಮೇಲೆ ಗಾಯ ಇಲ್ಲ, ಪ್ರತಿರೋಧದ ಗುರುತಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. 1979ರಲ್ಲಿ ನಾಲ್ಕು ಜನ ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. 1983ರಲ್ಲಿ ಕಾನೂನು ತಿದ್ದುಪಡಿ ಆಯಿತು. ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಗೆ ಎನ್ನುವಂತಿಲ್ಲ ಅಂತ ನಮ್ಮ ದಂಡ ಸಂಹಿತೆಯಲ್ಲಿ ಅಕ್ಷರದಲ್ಲಿ ಬಂದಿದ್ದು 2013ರಲ್ಲಿ. ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಂಥ ತೀರ್ಪು ಬರೆದವರನ್ನೇ ಅದೇ ವರ್ಷ ಅಪರಾಧದ ಬಗ್ಗೆ ಮೆತ್ತಗೆ ಅಂತ ಸೋಲಿಸಲಾಯಿತು.

ಸೋಲಿಸಿದ್ದು ಮರಣದಂಡನೆಯ ವಿಷಯ. 1972ರಲ್ಲಿ ಇದೇ ಕೋರ್ಟು ಮರಣದಂಡನೆ ರಾಜ್ಯ ಸಂವಿಧಾನಕ್ಕೆ ವಿರುದ್ಧ ಅಂತ ತೆಗೆದುಹಾಕಿತ್ತು. ಅದೇ ವರ್ಷ ಜನ ಮತ ಹಾಕಿ ವಾಪಸ್ ತಂದರು. 1978ರಲ್ಲಿ ಮತ್ತೆ ಮತ ಹಾಕಿ ಇನ್ನೂ ಬಿಗಿ ಮಾಡಿದರು. ಗಲ್ಲು ಶಿಕ್ಷೆಯಾದ ಪ್ರತಿ ಕೇಸೂ ತಾನಾಗೇ ರಾಜ್ಯದ ಸುಪ್ರೀಂ ಕೋರ್ಟಿಗೆ ಬರಬೇಕು. ರೋಸ್ ಬರ್ಡ್ ಮುಂದೆ 60ಕ್ಕೂ ಹೆಚ್ಚು ಬಂದವು. ಒಂದರಲ್ಲೂ ಅವರು ಮರಣದಂಡನೆಗೆ ಸೈ ಅನ್ನಲಿಲ್ಲ. ಒಂದರಲ್ಲೂ.

ಯಾಕೆ? 1978ರ ಕಾನೂನನ್ನು ಆತುರದಲ್ಲಿ ಬರೆದಿದ್ದರು. ಒಂದು ಉದಾಹರಣೆ ಕೊಡ್ತೀನಿ. ಜ್ಯೂರಿಯವರು ಅಂದರೆ 12 ಜನ ಸಾಮಾನ್ಯರು. ಗಲ್ಲೋ, ಬಿಡುಗಡೆ ಇಲ್ಲದ ಜೀವಾವಧಿಯೋ ಅಂತ ಅವರು ತೀರ್ಮಾನಿಸಬೇಕು. ಆಗ ಜಡ್ಜ್ ಅವರಿಗೆ ಒಂದು ಮಾತು ಓದಿ ಹೇಳಬೇಕು ಅಂತ ಆ ಕಾನೂನು ಹೇಳಿತ್ತು. ನೀವು ಬಿಡುಗಡೆ ಇಲ್ಲದ ಜೀವಾವಧಿ ಕೊಟ್ಟರೂ ಮುಂದೆ ಗವರ್ನರ್ ಅದನ್ನು ಕಡಿಮೆ ಮಾಡಿ ಬಿಡಬಹುದು ಅಂತ. ಸತ್ಯವೇ. ಆದರೆ ಗಲ್ಲನ್ನೂ ಗವರ್ನರ್ ಕಡಿಮೆ ಮಾಡಬಹುದು. ಅದನ್ನೂ ಹೇಳಬೇಕು ಅಂತ ಆ ಕಾನೂನಿನಲ್ಲಿ ಇರಲಿಲ್ಲ. ಅರ್ಧ ಸತ್ಯ ಕೇಳಿದ 12 ಜನ ಏನು ಮಾಡ್ತಾರೆ? ಇವನು ಹೊರಗೆ ಬಂದರೆ ಗತಿ ಏನು ಅಂತ ಹೆದರಿ ಗಲ್ಲು ಬರೀತಾರೆ. ರಾಮೋಸ್ ಎಂಬ ಕೇಸಿನಲ್ಲಿ ಇದು ವಾಷಿಂಗ್ಟನ್ನಿನಲ್ಲಿರುವ ಇಡೀ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1983ರಲ್ಲಿ ಅವರು, ದೇಶದ ಸಂವಿಧಾನಕ್ಕೆ ಇದರಿಂದ ತೊಂದರೆ ಇಲ್ಲ ಅಂದರು. ಫೈಲು ವಾಪಸ್ ಬಂತು. 1984ರಲ್ಲಿ ಕ್ಯಾಲಿಫೋರ್ನಿಯಾ ಕೋರ್ಟು, ನಿಮಗೆ ತೊಂದರೆ ಇಲ್ಲದಿರಬಹುದು, ನಮ್ಮ ರಾಜ್ಯದ ಸಂವಿಧಾನಕ್ಕೆ ಇದೆ ಅಂದಿತು. ರಾಜ್ಯದ ಸುಪ್ರೀಂ ಕೋರ್ಟಿನ ಬಲ ಅಂದರೆ ಇದು.

ಗಮನಿಸಿ, ಆ ಹೆಚ್ಚಿನ ಕೇಸುಗಳಲ್ಲಿ ಅವರು ಒಬ್ಬರೇ ಇರಲಿಲ್ಲ. ಏಳರಲ್ಲಿ ನಾಲ್ಕು ಜನರಾದರೂ ಸೇರದೆ ಗಲ್ಲು ರದ್ದಾಗುವುದಿಲ್ಲ. ಜೊತೆಗೆ, ಗಲ್ಲು ರದ್ದಾದರೆ ಅಪರಾಧಿ ಮನೆಗೆ ಹೋಗುವುದಿಲ್ಲ. ಹೆಚ್ಚಿನವರು ಜೈಲಿನಲ್ಲೇ ಉಳಿದರು, ಮರು ವಿಚಾರಣೆ ಎದುರಿಸಿದರು. ಟಿ.ವಿ. ಜಾಹೀರಾತಿನ 30 ಸೆಕೆಂಡಿನಲ್ಲಿ ಇದನ್ನೆಲ್ಲ ಯಾರು ಹೇಳುತ್ತಾರೆ? ಅಲ್ಲಿ ಬಂದಿದ್ದು ಕೊಲೆಯಾದವರ ಮನೆಯವರ ಮುಖ. ಆ ನೋವು ನಿಜ. ಅದರ ಮುಂದೆ ಜ್ಯೂರಿಗೆ ಓದಿದ ಒಂದು ತಪ್ಪು ವಾಕ್ಯ ಯಾರಿಗೆ ಕಾಣುತ್ತದೆ?

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. 60 ಕೇಸುಗಳಲ್ಲಿ ಒಂದರಲ್ಲೂ ಕಾನೂನು ಸರಿಯಾಗಿ ನಡೆದಿರಲಿಲ್ಲವೇ ಅಂತ ಕೇಳಿದವರು ಮೂರ್ಖರಲ್ಲ. ಆ ಪ್ರಶ್ನೆ ನ್ಯಾಯವಾದದ್ದು. ಮರಣದಂಡನೆ ಬಗ್ಗೆ ಅವರ ಸ್ವಂತ ನಂಬಿಕೆ ತಕ್ಕಡಿಯ ಒಂದು ಕಡೆ ಕೂತಿತ್ತು ಅಂತ ಅನುಮಾನ ಬರುವುದು ಸಹಜ. ಆದರೂ ಒಂದು ಜೀವ ತೆಗೆಯುವ ಫೈಲಿನಲ್ಲಿ ಒಬ್ಬ ಜಡ್ಜ್ ಜಾಸ್ತಿ ಹಿಂಜರಿದರೆ ನನಗೆ ಭಯವಿಲ್ಲ. ಹಿಂಜರಿಯದವರನ್ನು ಕಂಡರೆ ಭಯ.

ನಮ್ಮಲ್ಲೂ ಅದೇ ಕಾಲದಲ್ಲಿ ಅದೇ ಪ್ರಶ್ನೆ ಬಂದಿತ್ತು. 1980ರ ಬಚನ್ ಸಿಂಗ್ ಪ್ರಕರಣ. ಐದು ಜನರ ಪೀಠ. ಅಪರೂಪದಲ್ಲಿ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಗಲ್ಲು ಅಂತ ನಾಲ್ಕು ಜನ ಹೇಳಿದರು. ಗಲ್ಲೇ ಸಂವಿಧಾನಕ್ಕೆ ವಿರುದ್ಧ ಅಂತ ಪಿ. ಎನ್. ಭಗವತಿ ಒಬ್ಬರೇ ಬರೆದರು. ಅವರು 1985ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ ಆದರು. ಮುಂದಿನ ವರ್ಷ ಅಲ್ಲಿ ರೋಸ್ ಬರ್ಡ್ ಕುರ್ಚಿ ಕಳೆದುಕೊಂಡರು.

ನಮ್ಮಲ್ಲಿ ಬೆಲೆ ತೆರುವುದಿಲ್ಲ ಅಂತ ಅಂದುಕೊಳ್ಳಬೇಡಿ. ಇಲ್ಲಿ ಅದನ್ನು ಜನ ಕೇಳುವುದಿಲ್ಲ, ಸರ್ಕಾರ ಕೇಳುತ್ತದೆ. ನಮ್ಮ ಕಾರ್ಕಳ ಸೀಮೆಯ ಕೌಡೂರಿನ ಕೆ. ಎಸ್. ಹೆಗ್ಡೆಯವರನ್ನು ನೆನೆಸಿಕೊಳ್ಳಿ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸಿನಲ್ಲಿ, ಸಂವಿಧಾನದ ಮೂಲ ಸ್ವರೂಪ ಮುಟ್ಟುವಂತಿಲ್ಲ ಅಂದವರಲ್ಲಿ ಅವರೂ ಒಬ್ಬರು. ತೀರ್ಪು 1973ರ ಏಪ್ರಿಲ್ 24ರಂದು. ಆ ಬೆನ್ನಲ್ಲೇ ಹೆಗ್ಡೆ, ಶೇಲತ್, ಗ್ರೋವರ್ ಮೂವರನ್ನೂ ದಾಟಿ ಕಿರಿಯರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು, ಆಮೇಲೆ ಸ್ಪೀಕರ್ ಆದರು. ಅವರಿಗೆ ಜನ ಇನ್ನೊಂದು ಬಾಗಿಲು ತೆರೆದರು. ರೋಸ್ ಬರ್ಡ್‌ಗೆ ಮುಚ್ಚಿದ್ದೇ ಜನ.

1986ರ ಪ್ರಚಾರ ಹೇಗಿತ್ತು ಅಂದರೆ, ಕಾರುಗಳ ಹಿಂದೆ ಸ್ಟಿಕ್ಕರುಗಳು. ಬರ್ಡ್ ಅಂದರೆ ಹಕ್ಕಿ ಅಲ್ವಾ, ‘ಹೋಗಿ ಬಾ ಹಕ್ಕಿಯೇ’ ಎನ್ನುವ ಅರ್ಥದವು. ಗವರ್ನರ್ ಜಾರ್ಜ್ ಡುಕ್ಮೇಜಿಯನ್ ಬಹಿರಂಗವಾಗಿ ವಿರುದ್ಧ ನಿಂತರು. ಆಗ ಹಳೆಯ ಲೆಕ್ಕಗಳೆಲ್ಲ ಹೊರಬಂದವು. ಹೆಸರು ಬರೆದಿಟ್ಟುಕೊಂಡ ಜಮೀನುದಾರರು ದುಡ್ಡು ಹಾಕಿದರು. ಟೆಲಿಫೋನ್ ಬೂತಿನಂಥ ತೀರ್ಪುಗಳಿಂದ ಬೇಸತ್ತ ವ್ಯಾಪಾರಿಗಳು ಹಾಕಿದರು. ಜಾಹೀರಾತಿನಲ್ಲಿ ಮಾತ್ರ ಗುದ್ದಲಿಯೂ ಇಲ್ಲ, ಬೂತೂ ಇಲ್ಲ. ಬರೀ ಮರಣದಂಡನೆ. ಇವರಿಗೆ ಪ್ರಚಾರ ಮಾಡಲು ಬರಲಿಲ್ಲ. ಚುನಾವಣೆ ಗೆಲ್ಲಿಸುವ ಸಲಹೆಗಾರರ ಜೊತೆ ಅವರಿಗೆ ಸರಿಹೋಗಲಿಲ್ಲ. ಕ್ಯಾಮೆರಾ ಮುಂದೆ ಕೂತು ಸ್ವತಂತ್ರ ನ್ಯಾಯಾಂಗ ಯಾಕೆ ಬೇಕು ಅಂತ ಪಾಠದ ಥರ ಹೇಳಿದರು.

ನವೆಂಬರ್ 4ರಂದು ಸುಮಾರು ಮೂರನೇ ಎರಡರಷ್ಟು ಜನ ಇಲ್ಲ ಎಂದು ಮತ ಹಾಕಿದರು. ಅವರ ಜೊತೆ ಇನ್ನಿಬ್ಬರೂ ಹೋದರು. ಒಬ್ಬರು ಜೋಸೆಫ್ ಗ್ರೋಡಿನ್. ಇನ್ನೊಬ್ಬರು ಕ್ರೂಸ್ ರೆನೋಸೊ, ಆ ಕೋರ್ಟಿನ ಮೊದಲ ಲ್ಯಾಟಿನೊ ನ್ಯಾಯಮೂರ್ತಿ. ಇವರಿಬ್ಬರೂ ಎಲ್ಲ ಗಲ್ಲು ಶಿಕ್ಷೆಗಳಿಗೂ ಇಲ್ಲ ಅಂದವರಲ್ಲ. ಅಲೆ ಬಂದಾಗ ಅದನ್ನೆಲ್ಲ ಯಾರು ನೋಡ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬ ಹೆಣ್ಣು ಮುಖ್ಯ ನ್ಯಾಯಮೂರ್ತಿ ಆಗಲು 2011ರವರೆಗೆ ಕಾಯಬೇಕಾಯಿತು. ಹೊಸ ಕೋರ್ಟು ಗಲ್ಲು ಶಿಕ್ಷೆಗಳನ್ನು ಒಂದಾದ ಮೇಲೊಂದು ಎತ್ತಿಹಿಡಿಯಿತು. ಆದರೂ ಮುಂದಿನ ಮರಣದಂಡನೆ ಜಾರಿಯಾಗಿದ್ದು 1992ರಲ್ಲಿ. 2006ರವರೆಗೆ ಒಟ್ಟು 13 ಜನರಿಗೆ ಶಿಕ್ಷೆ ಜಾರಿ ಆಯಿತು. ಆಮೇಲೆ ಇಲ್ಲ. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅದಕ್ಕೆ ತಡೆ ಹಾಕಿದರು.

ಸೋತ ಮೇಲೆ ರೋಸ್ ಬರ್ಡ್ ಏನು ಮಾಡಿದರು ಅಂತ ನೀವು ಕೇಳಬಹುದು. ದೊಡ್ಡ ಕಂಪನಿಗಳ ವಕೀಲಿ ಹಿಡಿಯಲಿಲ್ಲ. ಸ್ವಲ್ಪ ಕಾಲ ಟಿ.ವಿ.ಯಲ್ಲಿ ಮಾತಾಡಿದರು, ಪಾಠ ಮಾಡಿದರು. ಪಾಲೊ ಆಲ್ಟೊ ಊರಿನ ಮನೆಯಲ್ಲಿ ಅಮ್ಮನ ಜೊತೆ ಇದ್ದರು. ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ದುಡಿದು ಓದಿಸಿದ ಅದೇ ಅಮ್ಮ. ಅವರನ್ನು ಕೊನೆಯವರೆಗೆ ನೋಡಿಕೊಂಡರು.

ಆ ಊರಿನ ಪಕ್ಕದಲ್ಲೇ ಈಸ್ಟ್ ಪಾಲೊ ಆಲ್ಟೊ. ಬಡವರ ಊರು. ಅಲ್ಲಿ ದುಡ್ಡಿಲ್ಲದವರಿಗೆ ಕಾನೂನು ನೆರವು ಕೊಡುವ ಒಂದು ಕಚೇರಿ ಇತ್ತು. ಒಂದು ದಿನ ಅಲ್ಲಿಗೆ ಹೋಗಿ, ಏನಾದರೂ ಕೆಲಸ ಇದ್ದರೆ ಸಂಬಳ ಇಲ್ಲದೆ ಮಾಡುತ್ತೇನೆ ಅಂದರು. ತಾವು ಯಾರು ಅಂತ ಹೇಳಿಕೊಳ್ಳಲಿಲ್ಲ. ಅಲ್ಲಿದ್ದವರಿಗೆ ಗುರುತು ಸಿಗಲಿಲ್ಲ. ಝೆರಾಕ್ಸ್ ಮಾಡುವ ಕೆಲಸ ಕೊಟ್ಟರು. ಮಾಡಿದರು. ಒಂದು ಕಾಲಕ್ಕೆ ಇಡೀ ರಾಜ್ಯದ ಕೋರ್ಟುಗಳಿಗೆ ಮುಖ್ಯಸ್ಥೆ ಆಗಿದ್ದವರು ಮೆಷಿನ್ ಮುಂದೆ ನಿಂತು, ಬಾಡಿಗೆ ಮನೆ ಬಿಡಿಸುವ ನೋಟಿಸು, ಅರ್ಜಿ, ಅಫಿಡವಿಟ್ಟು ಇಂಥದ್ದನ್ನೇ ಒಂದೊಂದಾಗಿ ಕಾಪಿ ತೆಗೆದಿರಬೇಕು. ಬಡವರ ಕೇಸಿನ ಕಚೇರಿಯಲ್ಲಿ ಇರುವುದು ಅಂಥ ಕಾಗದವೇ. ನಂತರ ಯಾರೋ ಗುರುತು ಹಿಡಿದರು.

ಕ್ಯಾನ್ಸರ್ ಮತ್ತೆ ಬಂತು. 1999ರ ಡಿಸೆಂಬರ್ 4ರಂದು ತೀರಿಕೊಂಡರು. ಆಗ 63 ವರ್ಷ.